ಹಬ್ಬದ ಅಂಗಡಿಮುಂಗಟ್ಟು: ಬೀದರ, ಭಾಲ್ಕಿ, ಔರಾದಗಳಲ್ಲಿ ಕಂಡಂತೆ ಒಂದು ಔಚಿತ್ಯ ವಿಚಾರ

ವಿಮರ್ಶೆಯ ವಿಷಯ ಕಾವ್ಯವೋ ನಾಟಕವೋ ಶಿಲ್ಪವೋ ಆಗಿರಬೇಕೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ವಾಡಿಕೆ. ಅಂಗಡಿಯ ಮುಂಗಟ್ಟನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ವಿದ್ವಜ್ಜನರಿಗೆ ತುಸು ಲಘುವಾದ ಉದ್ಯೋಗವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ವಸ್ತುಗಳನ್ನು ಆಯ್ದು, ಒಂದು ಕ್ರಮದಲ್ಲಿ ಜೋಡಿಸಿ, ಬೆಳಕು ಬೀರಿ, ನೋಡುವವನ ಮನಸ್ಸಿನಲ್ಲಿ ಒಂದು ಭಾವವನ್ನು ಎಬ್ಬಿಸುವ ಯಾವ ರಚನೆಯಾದರೂ ವಿಮರ್ಶೆಗೆ ಹೊರಗಲ್ಲವೆಂದು ನಾವು ತಿಳಿಯುತ್ತೇವೆ. ಪುಸ್ತಕವನ್ನು ಓದದ, ರಂಗಮಂದಿರಕ್ಕೆ ಹೋಗದ ಸಾವಿರಾರು ಜನ ಹಬ್ಬದ ಸಂಜೆ ಪೇಟೆಯ ಗಾಜಿನ ಮುಂದೆ ನಿಲ್ಲುತ್ತಾರೆ. ಅವರು ಅಲ್ಲಿ ಕಾಣುವುದೇನು, ಅವರಿಗೆ ಕಾಣದಂತೆ ಮರೆಯಾಗಿರುವುದೇನು ಎಂಬ ಪ್ರಶ್ನೆ ಅಲ್ಪವಾದುದಲ್ಲ.

'ಅಂಗಡಿ ಮುಂಗಟ್ಟು' ಎಂಬುದು ಕನ್ನಡದಲ್ಲಿ ಹಳೆಯ ಜೋಡುನುಡಿ. ಈಗ ಅದು ಬರಿಯ 'ಅಂಗಡಿಗಳು' ಎಂಬರ್ಥದಲ್ಲಿ ಬಳಕೆಯಾಗುತ್ತಿದ್ದರೂ, ಮುಂದಿನ ಕಟ್ಟು, ಬೀದಿಗೆ ತೆರೆದ ಭಾಗ ಎಂಬ ಅರ್ಥ ಅದರೊಳಗೆ ಇನ್ನೂ ಜೀವಂತವಾಗಿದೆ. ಜನ ಇಂದು 'ಷೋಕೇಸು' ಎಂದು ಕರೆಯುವ ಗಾಜಿನ ಆವರಣವನ್ನು ಈ ಲೇಖನದಲ್ಲಿ ನಾವು ಮುಂಗಟ್ಟೆಂದೇ ಕರೆಯುತ್ತೇವೆ. 2024ರಲ್ಲಿ ದೀಪಾವಳಿಯೂ ರಾಜ್ಯೋತ್ಸವವೂ ಒಂದೇ ವಾರದಲ್ಲಿ, ಒಂದಕ್ಕೊಂದು ತಾಗಿಕೊಂಡು ಬಂದವು. ಆ ವಾರದ ಸಂಜೆಗಳಲ್ಲಿ ಬೀದರ ನಗರ, ಭಾಲ್ಕಿ, ಔರಾದ ಈ ಮೂರು ಊರುಗಳ ಪೇಟೆಗಳನ್ನು ಸುತ್ತಿ ನೋಡಿದುದೇ ಇಲ್ಲಿನ ವಿಚಾರಕ್ಕೆ ಆಧಾರ. ಅಂಗಡಿಗಳ ಹೆಸರನ್ನು ನಾವು ಹೇಳುವುದಿಲ್ಲ. ನಮ್ಮ ಉದ್ದೇಶ ಒಬ್ಬ ವರ್ತಕನನ್ನು ಹೊಗಳುವುದೂ ಅಲ್ಲ, ಮತ್ತೊಬ್ಬನನ್ನು ತೆಗಳುವುದೂ ಅಲ್ಲ; ಒಂದು ರೂಢಿಯ ಗುಣದೋಷಗಳನ್ನು ಪರಿಶೀಲಿಸುವುದು.

1

ಹಬ್ಬಕ್ಕಾಗಿ ಗಾಜಿನ ಹಿಂದೆ ಸರಕನ್ನು ಅಲಂಕರಿಸಿಡುವ ಪದ್ಧತಿ ಪಶ್ಚಿಮದ ದೊಡ್ಡ ನಗರಗಳಲ್ಲಿ ಹುಟ್ಟಿದುದು. ದೊಡ್ಡ ಗಾಜಿನ ಹಲಗೆಗಳು ಸುಲಭವಾಗಿ ದೊರೆಯತೊಡಗಿದ ಮೇಲೆ ಅದು ಸಾಧ್ಯವಾಯಿತು. ನ್ಯೂಯಾರ್ಕಿನ ಮೇಸೀಸ್ ಮಳಿಗೆ 1874ರ ಕ್ರಿಸ್‌ಮಸ್ ಕಾಲದಲ್ಲಿ ಗೊಂಬೆಗಳ ಪ್ರದರ್ಶನವನ್ನು ಗಾಜಿನ ಹಿಂದೆ ಏರ್ಪಡಿಸಿತು. ಲಂಡನ್ನಿನಲ್ಲಿ 1909ರಲ್ಲಿ ತೆರೆದ ಸೆಲ್ಫ್‌ರಿಜಸ್ ಮಳಿಗೆ ಬಾಗಿಲು ಮುಚ್ಚಿದ ಮೇಲೆಯೂ ಮುಂಗಟ್ಟಿನ ದೀಪಗಳನ್ನು ಉರಿಯಬಿಟ್ಟು, ಕೊಳ್ಳಲಾರದ ಹೊತ್ತಿನಲ್ಲಿಯೂ ನೋಡುವ ಆಸೆಯನ್ನು ಹುಟ್ಟಿಸಿತು. ಆಸ್‌ನ ಮಾಂತ್ರಿಕನ ಕಥೆಯಿಂದ ಮಕ್ಕಳಿಗೆ ಪ್ರಿಯನಾದ ಫ್ರಾಂಕ್ ಬಾಮ್ ಎಂಬ ಅಮೆರಿಕದ ಲೇಖಕ 1897ರಲ್ಲಿ ಮುಂಗಟ್ಟಿನ ಅಲಂಕಾರಕ್ಕೆಂದೇ ಒಂದು ಪತ್ರಿಕೆಯನ್ನು ಆರಂಭಿಸಿದ್ದನೆಂಬುದು ಗಮನಾರ್ಹ. ಮಾಂತ್ರಿಕನ ಕಥೆಯನ್ನೂ ಅಂಗಡಿಯ ಅಲಂಕಾರವನ್ನು ಕಲಿಸುವ ಗ್ರಂಥವನ್ನೂ ಅವನು ಪ್ರಕಟಿಸಿದುದು 1900ರಲ್ಲಿಯೇ. ಗಾಜು ಇಲ್ಲಿ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ: ಕಣ್ಣಿಗೆ ಒಳಹೋಗಲು ಅನುಮತಿ ಕೊಡುತ್ತದೆ, ಕೈಗೆ ನಿರಾಕರಿಸುತ್ತದೆ.

ನಮ್ಮ ಪೇಟೆಗಳ ಹಳೆಯ ಪದ್ಧತಿ ಹೀಗಿರಲಿಲ್ಲ. ದೀಪಾವಳಿಯ ಲಕ್ಷ್ಮೀಪೂಜೆಯ ಸಂಜೆ ಈ ಭಾಗದ ಅಂಗಡಿಗಳಲ್ಲಿ ನಡೆಯುವುದನ್ನು ನೋಡಿದರೆ ಭೇದ ತಿಳಿಯುತ್ತದೆ. ಬಾಗಿಲಿಗೆ ಬಾಳೆಯ ಕಂದು, ಕಬ್ಬು, ಚೆಂಡುಹೂವಿನ ಮಾಲೆ. ಒಳಗೆ ಲಕ್ಷ್ಮಿಯ ಪಟದ ಮುಂದೆ ಹೊಸ ಲೆಕ್ಕದ ಪುಸ್ತಕ, ತಕ್ಕಡಿ, ಬತ್ತಾಸು. ಅಂದು ಸರಕು ಹಿಂದಕ್ಕೆ ಸರಿಯುತ್ತದೆ, ಅಂಗಡಿ ಮನೆಯಾಗುತ್ತದೆ, ಗಿರಾಕಿ ಅತಿಥಿಯಾಗುತ್ತಾನೆ. ಕೊಳ್ಳದಿದ್ದವನಿಗೂ ಪ್ರಸಾದ ಉಂಟು. ಈ ಸಂಜೆಯ ಮುಂಗಟ್ಟಿಗೆ ಗಾಜಿಲ್ಲ. ಗಾಜಿನ ಪದ್ಧತಿಯೂ ಪೂಜೆಯ ಪದ್ಧತಿಯೂ ಇಂದು ಒಂದೇ ಬೀದಿಯಲ್ಲಿ, ಅನೇಕ ವೇಳೆ ಒಂದೇ ಅಂಗಡಿಯಲ್ಲಿ, ಅಕ್ಕಪಕ್ಕದಲ್ಲಿರುವುದರಿಂದಲೇ ನಮ್ಮ ವಿಚಾರಕ್ಕೆ ಅವಕಾಶ ಒದಗಿದೆ.

2

ಯಾವ ಅಳತೆಗೋಲಿನಿಂದ ಇವನ್ನು ತೂಗಬೇಕು? ಕ್ಷೇಮೇಂದ್ರನ ಔಚಿತ್ಯ ವಿಚಾರವನ್ನು ನಾವು ಇಲ್ಲಿ ಆಶ್ರಯಿಸುತ್ತೇವೆ. ಹನ್ನೊಂದನೆಯ ಶತಮಾನದ ಆ ಕಾಶ್ಮೀರಿ ಆಲಂಕಾರಿಕ ಔಚಿತ್ಯವನ್ನು ಕಾವ್ಯದ ಜೀವಿತವೆಂದು ಬಗೆದವನು. ನಡುವಿಗೆ ಕಟ್ಟುವ ಡಾಬನ್ನು ಕೊರಳಿಗೂ, ಕೊರಳ ಹಾರವನ್ನು ನಡುವಿಗೂ ತೊಟ್ಟರೆ ಯಾರು ನಗುವುದಿಲ್ಲ ಎಂಬುದು ಅವನು ಕೊಡುವ ನಿದರ್ಶನದ ಭಾವ. ಆಭರಣ ಕೆಟ್ಟದ್ದೆಂದಲ್ಲ, ಇರುವ ಸ್ಥಳ ಕೆಟ್ಟದ್ದು. ಮುಂಗಟ್ಟಿನ ಕಲೆಯೂ ಬಹುಮಟ್ಟಿಗೆ ಸ್ಥಳದ ಕಲೆಯೇ ಆಗಿರುವುದರಿಂದ ಈ ಅಳತೆಗೋಲು ಇದಕ್ಕೆ ಸಲ್ಲುತ್ತದೆ. ಬೆಳಕು ವಸ್ತುವಿಗೆ ಉಚಿತವೇ, ಆಯ್ಕೆ ಕಸುಬಿಗೆ ಉಚಿತವೇ, ಗಾಜು ಬೀದಿಯ ಜನಕ್ಕೆ ಉಚಿತವೇ ಎಂದು ನಾವು ಕ್ರಮವಾಗಿ ಕೇಳಬೇಕು.

ಬೀದರ ನಗರದಲ್ಲಿ ಬೆಲೆಬಾಳುವ ಹಬ್ಬದ ಉಡುಗೊರೆಯೆಂದರೆ ಮೊದಲು ನೆನಪಾಗುವುದು ಬಿದರಿ ಪಾತ್ರೆ. ಚೌಬಾರದ ಸುತ್ತಿನ ಹಳೆಯ ಪೇಟೆಯಲ್ಲಿ ಇದರ ಅಂಗಡಿಗಳೂ ಕಾರ್ಯಾಗಾರಗಳೂ ಇವೆ. ಬಿದರಿಯ ಲೋಹ ಬಹುಪಾಲು ಸತು. ತಾಮ್ರ ಅದರಲ್ಲಿ ಅಲ್ಪಭಾಗ. ಅಚ್ಚಿನಲ್ಲಿ ಎರಕ ಹೊಯ್ದ ಪಾತ್ರೆಯನ್ನು ಅರದಿಂದ ಉಜ್ಜಿ ನಯಗೊಳಿಸಿ, ಗೆರೆಗಳು ಕಾಣುವಂತೆ ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಬಳಿಕ ಮೊನಚಾದ ಸಲಾಕೆಯಿಂದ ಕೈಬರಹದಲ್ಲಿಯೇ ಬಳ್ಳಿ ಹೂಗಳನ್ನು ಬರೆದು, ಉಳಿಯಿಂದ ಕೊರೆದು, ಕೊರೆದ ಜಾಗದಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದೂ ತಗಡಿನ ಕೆಲಸಕ್ಕೆ ತೆಹ್‌ನಿಶಾನ್ ಎಂದೂ ಕುಶಲಿಗಳು ಹೆಸರಿಟ್ಟಿದ್ದಾರೆ. ಕೊನೆಗೆ ಕೋಟೆಯೊಳಗೆ ಮಳೆಬಿಸಿಲು ತಾಗದ ಹಳೆಯ ಕಟ್ಟಡಗಳ ಮಣ್ಣನ್ನು ತಂದು, ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಸತು ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಆಮೇಲೆ ಎಣ್ಣೆ ಸವರಿದರೆ ಆ ಕಪ್ಪು ಇನ್ನಷ್ಟು ಆಳವಾಗುತ್ತದೆ. ಮಣ್ಣಿನ ಗುಣವನ್ನು ನಾಲಗೆಯಿಂದ ರುಚಿನೋಡಿ ತಿಳಿಯುವ ಹಿರಿಯರು ಈ ಕಸುಬಿನಲ್ಲಿ ಉಂಟು.

ಇಷ್ಟು ವಿವರ ಏಕೆಂದರೆ, ಬಿದರಿಯ ಸೌಂದರ್ಯದ ಮೂಲ ಬೆಳ್ಳಿಯಲ್ಲ, ಕಪ್ಪು. ಬೆಳ್ಳಿಯ ಕೆಲಸ ಭಾರತದಲ್ಲಿ ಎಲ್ಲೆಡೆಯೂ ಉಂಟು. ಬೆಳ್ಳಿಯನ್ನು ಇಷ್ಟು ಗಾಢವಾದ, ಹೊಳಪಿಲ್ಲದ ಕಪ್ಪಿನ ಮಡಿಲಲ್ಲಿ ಇಡುವುದು ಈ ಊರಿನ ವಿಶೇಷ. ಈ ರುಚಿ ಪಾತ್ರೆಗಳಿಗೆ ಮಾತ್ರ ಸೀಮಿತವಲ್ಲವೆಂಬುದಕ್ಕೆ ಕೋಟೆಯ ರಂಗೀನ್ ಮಹಲೇ ಸಾಕ್ಷಿ. ಅಲ್ಲಿ ಕಪ್ಪುಶಿಲೆಯಲ್ಲಿ ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂರಿಸಿದ ಕೆಲಸ, ಮಬ್ಬುಬೆಳಕಿನ ಕೋಣೆಯಲ್ಲಿ, ನೋಡುವವನು ಹೆಜ್ಜೆ ಬದಲಿಸಿದಂತೆಲ್ಲ ಒಂದೊಂದು ಬಗೆಯಾಗಿ ಮಿನುಗುತ್ತದೆ. ಕಪ್ಪನ್ನು ಕಪ್ಪಾಗಿಯೇ ಉಳಿಸುವ ಬೆಳಕು ಎಷ್ಟು ಎಂಬುದನ್ನು ಆ ಕೋಣೆಯನ್ನು ಕಟ್ಟಿದವರು ಅರಿತಿದ್ದರು.

3

ಈ ದೃಷ್ಟಿಯಿಂದ ಹಬ್ಬದ ಮುಂಗಟ್ಟುಗಳನ್ನು ನೋಡಿದಾಗ ನಮಗೆ ಮೊದಲು ಕಂಡ ಅನೌಚಿತ್ಯ ಬೆಳಕಿನದು. ಬೆಲೆಬಾಳುವ ಉಡುಗೊರೆಗಳ ಅಂಗಡಿಯೊಂದರಲ್ಲಿ ಬಿದರಿಯ ಹೂಜಿಗಳನ್ನೂ ತಟ್ಟೆಗಳನ್ನೂ ಬಿಳಿಯ ಮಿರುಗುವ ಬಟ್ಟೆಯ ಮೇಲೆ ಇಟ್ಟು, ಹಿಂದೆ ಕನ್ನಡಿ ನಿಲ್ಲಿಸಿ, ಮೇಲಿನಿಂದ ಎಲ್‌ಇಡಿ ದೀಪಗಳ ಬಿಳಿಬೆಳಕನ್ನು ಸುರಿಸಿದ್ದರು. ಸುತ್ತಲೂ ಬಣ್ಣಬಣ್ಣದ ಪುಟ್ಟ ದೀಪಗಳ ಸರ ಆರಿ ಹತ್ತುತ್ತಿತ್ತು. ಪರಿಣಾಮವೇನೆಂದರೆ, ಬೆಳ್ಳಿ ಕಣ್ಣು ಕುಕ್ಕಿತು, ಕಪ್ಪು ಬೂದಿಯಾಯಿತು. ಸೂಕ್ಷ್ಮವಾದ ತಂತಿಯ ಬಳ್ಳಿಯೂ ಅಗಲವಾದ ತಗಡಿನ ಹೂವೂ ಒಂದೇ ಹೊಳಪಿನ ಮುದ್ದೆಯಾಗಿ ಕಂಡವು. ಇದೇ ಸರಕನ್ನು ಪಕ್ಕದ ಸ್ಟೀಲಿನ ಪಾತ್ರೆಗಳಿಂದ ಬೇರ್ಪಡಿಸುವ ಗುಣವನ್ನೇ ಆ ಬೆಳಕು ಅಳಿಸಿಬಿಟ್ಟಿತ್ತು. ಹಳೆಯ ಪೇಟೆಯ ಹಿರಿಯ ಕುಶಲಿಯೊಬ್ಬರಲ್ಲಿ ಈ ಮಾತನ್ನೆತ್ತಿದಾಗ ಅವರು ನಕ್ಕು, "ಸರ್, ಇಷ್ಟು ಬೆಳಕು ಹಾಕಿದ್ರ ಕರಿ ಎಲ್ಲಿ ಉಳೀತದ್ರಿ?" ಎಂದರು. ನಮ್ಮ ಪುಟಗಟ್ಟಲೆಯ ವಿಚಾರಕ್ಕಿಂತ ಆ ಒಂದು ಮಾತು ಹೆಚ್ಚು ಹೇಳುತ್ತದೆ.

ಇನ್ನು ಎತ್ತರದ ಪ್ರಶ್ನೆ. ಬಿದರಿಯ ಹಳೆಯ ರೂಪಗಳಾದ ಹುಕ್ಕಾದ ಬುಡ, ಪಾನದಾನ, ಜಮಖಾನೆಯ ಮೂಲೆಗಳನ್ನು ಹಿಡಿದಿಡುವ ಮೀರ್‌ಫರ್ಶ್ ಇವೆಲ್ಲ ನೆಲದ ಮೇಲೆ ಕುಳಿತ ಜನರ ನಡುವೆ ಇರುತ್ತಿದ್ದ ವಸ್ತುಗಳು. ಅವುಗಳ ಚಿತ್ರಣ ಮೇಲಿನಿಂದಲೂ ಎಲ್ಲ ದಿಕ್ಕುಗಳಿಂದಲೂ ನೋಡುವ ಕಣ್ಣಿಗಾಗಿ ಹೊಂದಿಸಿದುದು. ಹುಕ್ಕಾದ ಬುಡದ ಸುತ್ತ ಹರಿಯುವ ಬಳ್ಳಿಗೆ ಮುಂಭಾಗ ಹಿಂಭಾಗ ಎಂಬುದಿಲ್ಲ. ಇಂಥ ವಸ್ತುವನ್ನು ತಲೆಯ ಮಟ್ಟಕ್ಕಿಂತ ಮೇಲಿನ ಗೂಡಿನಲ್ಲಿ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿದರೆ ಅರ್ಧ ಕಾವ್ಯವನ್ನು ಓದಿ ಪುಸ್ತಕ ಮುಚ್ಚಿದಂತಾಗುತ್ತದೆ. ತಿರುಗುವ ಪೀಠದ ಮೇಲೆ ಇಟ್ಟಿದ್ದ ಒಂದು ಅಂಗಡಿಯನ್ನು ನಾವು ಕಂಡೆವು. ಆದರೆ ಅದರ ವೇಗ ಹೆಚ್ಚಾಗಿ, ಬಳ್ಳಿಯನ್ನು ಹಿಂಬಾಲಿಸುವ ಕಣ್ಣಿಗೆ ದಣಿವಾಗುತ್ತಿತ್ತು.

ಇದಕ್ಕೆ ವಿರುದ್ಧವಾದ ಒಂದು ದೃಶ್ಯವನ್ನು ಇಲ್ಲಿ ಹೇಳಬೇಕು. ಅಲ್ಲಿಂದ ಸ್ವಲ್ಪ ದೂರದ ಗಲ್ಲಿಯಲ್ಲಿ ಕಾರ್ಯಾಗಾರವೊಂದರ ಬಾಗಿಲು ಬೀದಿಗೆ ತೆರೆದಿತ್ತು. ಒಳಗೆ ಒಂದೇ ಬಲ್ಬು. ನೆಲದಲ್ಲಿ ಕುಳಿತವನೊಬ್ಬ ಮೇಣದ ಆಸರೆಯಲ್ಲಿ ನಿಲ್ಲಿಸಿದ ಪುಟ್ಟ ಡಬ್ಬಿಯೊಂದನ್ನು ಉಳಿಯಿಂದ ಕೊರೆಯುತ್ತಿದ್ದ. ಹೊಸ್ತಿಲ ಬಳಿ ಸಿದ್ಧವಾದ ನಾಲ್ಕಾರು ವಸ್ತುಗಳು ಹಳೆಯ ವೃತ್ತಪತ್ರಿಕೆಯ ಮೇಲಿದ್ದವು. ಯಾರೂ ಅಲಂಕರಿಸಿರಲಿಲ್ಲ. ಆದರೂ ದಾರಿಹೋಕರು ನಿಂತು ನೋಡುತ್ತಿದ್ದರು. ಕೆಲಸ, ಕೈ, ವಸ್ತು, ಬೆಳಕು ಈ ನಾಲ್ಕೂ ಒಂದಕ್ಕೊಂದು ಹೊಂದಿಕೊಂಡಿದ್ದುದರಿಂದ ನಾವು ಆ ವಾರ ಕಂಡ ಮುಂಗಟ್ಟುಗಳಲ್ಲಿ ಇದೇ ಉತ್ತಮವೆಂದು ಹೇಳಲು ನಮಗೆ ಸಂಕೋಚವಿಲ್ಲ. ಬಡತನವನ್ನು ಸುಂದರವೆಂದು ಕೊಂಡಾಡುವ ಉದ್ದೇಶ ನಮ್ಮದಲ್ಲ. ಆ ಬಲ್ಬಿನ ಬೆಳಕು ಕೊರೆಯುವವನ ಕಣ್ಣಿಗೆ ಸಾಲದು. ಅವನಿಗೆ ಇನ್ನೂ ಒಳ್ಳೆಯ ದೀಪ ಬೇಕು. ಅಂಗಡಿಯ ಗಾಜಿಗೆ ಹೆಚ್ಚಾದ ಬೆಳಕು ಕುಶಲಿಯ ಕೋಣೆಗೆ ಕಡಿಮೆಯಾಗಿದೆ ಎಂಬುದೇ ನಮ್ಮ ಮಾತು.

4

ಎರಡನೆಯ ಪ್ರಶ್ನೆ ಆಯ್ಕೆಯದು. ಮುಂಗಟ್ಟಿನಲ್ಲಿ ಯಾವುದನ್ನು ಮುಂದಿಡುತ್ತಾರೋ ಅದನ್ನು ಜನ ಕೇಳುತ್ತಾರೆ; ಜನ ಕೇಳಿದುದನ್ನು ಕುಶಲಿ ಮಾಡುತ್ತಾನೆ. ಹೀಗಿರಲು ಮುಂಗಟ್ಟು ಕಸುಬಿನ ಕನ್ನಡಿ ಮಾತ್ರವಲ್ಲ, ಅದರ ಕಡಿವಾಣವೂ ಹೌದು. ನಾವು ಕಂಡ ಬಿದರಿ ಮುಂಗಟ್ಟುಗಳಲ್ಲಿ ಮುಂದಿನ ಸಾಲನ್ನು ಆಕ್ರಮಿಸಿದ್ದುವು ಸ್ಮರಣಿಕೆಗಳು: ಹೆಸರು ಬರೆಯಲು ಜಾಗ ಬಿಟ್ಟ ಫಲಕಗಳು, ಲೇಖನಿ ನಿಲ್ಲಿಸುವ ಪೀಠಗಳು, ಬೀಗದ ಕೈಯ ಗೊಂಚಲುಗಳು, ಸಣ್ಣ ಆನೆಗಳು. ದೀಪಾವಳಿಯ ಉಡುಗೊರೆಗೂ ರಾಜ್ಯೋತ್ಸವದ ಸನ್ಮಾನಕ್ಕೂ ಒಂದೇ ಬಗೆಯ ವಸ್ತು ಸಲ್ಲುತ್ತಿತ್ತು. ಬೆಳ್ಳಿಯ ಬೆಲೆ ಏರಿದಂತೆಲ್ಲ ಪಾತ್ರೆಯ ಗಾತ್ರ ಕುಗ್ಗುತ್ತದೆ, ತಗಡಿನ ಜಾಗಕ್ಕೆ ತಂತಿ ಬರುತ್ತದೆ, ತಂತಿಯೂ ತೆಳುವಾಗುತ್ತದೆ. ಇದು ವರ್ತಕನ ಲೋಭದಿಂದ ಆದುದಲ್ಲ. ಮಧ್ಯಮ ವರ್ಗದ ಗಿರಾಕಿಗೆ ಎಟುಕುವ ಬೆಲೆಯಲ್ಲಿ ಏನಾದರೂ ಇರಲೇಬೇಕಲ್ಲವೇ? ಆದರೆ ಅಗಲವಾದ ತಳದ ಮೇಲೆ ಬಳ್ಳಿಯನ್ನು ಉಸಿರು ಕಟ್ಟದಂತೆ ಹರಿಯಬಿಡುವ ವಿದ್ಯೆ, ಫಲಕದ ಮೂಲೆಯಲ್ಲಿ ಒಂದು ಹೂ ಕೆತ್ತುವುದರಿಂದ ಉಳಿಯುವುದಿಲ್ಲ. ಚಿಕ್ಕ ವಸ್ತುವನ್ನೇ ಮಾಡುತ್ತ ಬೆಳೆದ ಹುಡುಗನಿಗೆ ದೊಡ್ಡ ಹೂಜಿಯ ಹೊಟ್ಟೆಯ ಮೇಲೆ ಗೆರೆಯನ್ನು ಹೇಗೆ ತಿರುಗಿಸಬೇಕೆಂಬುದು ತಿಳಿಯುವ ಸಂದರ್ಭವೇ ಬರುವುದಿಲ್ಲ.

ಇದರೊಡನೆ ಹೆಸರಿನ ಪ್ರಶ್ನೆಯೂ ಕೂಡಿಕೊಂಡಿದೆ. ಬಿದರಿಗೆ ಗಾಜಿನ ಸಹವಾಸ ಹೊಸದಲ್ಲ. 1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಬಿದರಿ ಪಾತ್ರೆಗಳನ್ನು ಇಟ್ಟಿದ್ದರು. ಆ ಕಾಲದಿಂದ ಕೂಡಿಟ್ಟ ಪಾತ್ರೆಗಳು ಇಂದಿಗೂ ಅಲ್ಲಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ. ಹೈದರಾಬಾದಿನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದಲ್ಲಿಯೂ ಒಳ್ಳೆಯ ಸಂಗ್ರಹವಿದೆ. ಈ ಎಲ್ಲ ಕಪಾಟುಗಳಲ್ಲಿ ಊರಿನ ಹೆಸರು ಉಳಿಯಿತು, ಕೈಯ ಹೆಸರು ಉಳಿಯಲಿಲ್ಲ. ಹಳೆಯ ಬಿದರಿಯಲ್ಲಿ ಕುಶಲಿಯ ಅಂಕಿತ ಇರುವುದೇ ಅಪೂರ್ವ. 2006ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಇದು ಸ್ವಾಗತಾರ್ಹ. 2023ರಲ್ಲಿ ಬೀದರದ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಾಗ ಕೈಗೂ ಒಂದು ಹೆಸರಿದೆಯೆಂಬುದು ದೇಶಕ್ಕೆ ತಿಳಿಯಿತು. ಆದರೆ ಅನ್ಯ ಕುಶಲಿಗಳ ಹೆಸರು ನಾವು ನೋಡಿದ ಗಾಜಿನ ಹಿಂದೆ ಎಲ್ಲಿಯೂ ಕಾಣಲಿಲ್ಲ. ಬೆಲೆಯ ಚೀಟಿಯಿತ್ತು, ರಿಯಾಯಿತಿಯ ಚೀಟಿಯಿತ್ತು, ಅಂಗಡಿಯ ಹೆಸರಿನ ಚೀಟಿಯಿತ್ತು. ಮಾಡಿದವನದು ಇರಲಿಲ್ಲ.

ಇದಕ್ಕೆ ವರ್ತಕರು ಕೊಡುವ ಉತ್ತರವನ್ನು ನಾವು ಮರೆಮಾಚಬಾರದು. ಹೆಸರನ್ನು ಬರೆದರೆ ಗಿರಾಕಿ ನೇರವಾಗಿ ಕುಶಲಿಯ ಮನೆಗೇ ಹೋಗುತ್ತಾನೆ. ಬಾಡಿಗೆ, ಬಂಡವಾಳ, ಮಾರಾಟವಾಗದೆ ಉಳಿದ ಸರಕು ಇವುಗಳ ಭಾರವನ್ನು ಹೊರುವ ತಾವು ನಷ್ಟಕ್ಕೆ ಗುರಿಯಾಗುತ್ತೇವೆ ಎಂದು ಅವರ ವಾದ. ಇದರಲ್ಲಿ ಸತ್ಯಾಂಶವುಂಟು. ಆದರೆ ಕಾದಂಬರಿಯ ಮೇಲೆ ಲೇಖಕನ ಹೆಸರಿದ್ದ ಮಾತ್ರಕ್ಕೆ ಓದುಗರು ಪುಸ್ತಕದಂಗಡಿಯನ್ನು ಬಿಟ್ಟು ಲೇಖಕನ ಮನೆಯ ಬಾಗಿಲಿಗೆ ಹೋಗುವುದಿಲ್ಲ. ಹೆಸರು ವಸ್ತುವಿನ ಬೆಲೆಯನ್ನು ಏರಿಸುತ್ತದೆ, ಇಳಿಸುವುದಿಲ್ಲ. ಅಲ್ಲದೆ ಅಚ್ಚಿನಿಂದ ತೆಗೆದು ಬಣ್ಣ ಬಳಿದ ನಕಲಿ ಸರಕಿನಿಂದ ನಿಜವಾದ ಬಿದರಿಯನ್ನು ಕಾಪಾಡಲು ಹೆಸರಿಗಿಂತ ಒಳ್ಳೆಯ ಕಾವಲುಗಾರ ಮತ್ತೊಂದಿಲ್ಲ.

5

ಬೀದರದಿಂದ ಸುಮಾರು 40 ಕಿಲೋಮೀಟರು ದೂರದ ಭಾಲ್ಕಿಗೆ ಬಂದರೆ ಮುಂಗಟ್ಟಿನ ವಸ್ತು ಬದಲಾಗುತ್ತದೆ. ಇಲ್ಲಿನ ಹಬ್ಬದ ಸೊಗಸು ಸೀರೆಯದು, ಆಭರಣದ್ದು. ಗಾಜಿನ ಹಿಂದೆ ನಿಲ್ಲಿಸಿದ ಗೊಂಬೆಗಳು ಬಿಳಿ ಮೈಯವು, ನೀಳ ಮೂಗಿನವು. ಅವುಗಳಿಗೆ ಉಡಿಸಿದ್ದ ಸೀರೆಗಳು ಮಾತ್ರ ಇಲ್ಲಿನ ಹೆಂಗಸರು ಉಡುವಂಥವೇ. ಈ ವೈಷಮ್ಯವನ್ನು ಯಾರೂ ಗಮನಿಸದಷ್ಟು ಅದು ರೂಢಿಯಾಗಿಬಿಟ್ಟಿದೆ. ಕ್ಷೇಮೇಂದ್ರ ಕಂಡಿದ್ದರೆ ಕೊರಳಿನ ಡಾಬಿನ ಪಕ್ಕದಲ್ಲಿ ಇದಕ್ಕೂ ಒಂದು ಸ್ಥಾನ ಕೊಡುತ್ತಿದ್ದನೆಂದು ನಾವು ಭಾವಿಸುತ್ತೇವೆ. ಆದರೆ ಒಂದು ಅಂಗಡಿಯಲ್ಲಿ ಗೊಂಬೆಗಳನ್ನೆಲ್ಲ ತೆಗೆದು, ಸೀರೆಗಳ ಸೆರಗುಗಳನ್ನಷ್ಟೇ ಒಂದರ ಪಕ್ಕ ಒಂದು ಇಳಿಬಿಟ್ಟು, ಕೆಳಗೆ ಹಣತೆಗಳ ಸಾಲಿಟ್ಟಿದ್ದರು. ನೋಡುವವಳು ತನ್ನನ್ನೇ ಆ ಸೀರೆಯಲ್ಲಿ ಕಲ್ಪಿಸಿಕೊಳ್ಳಲು ಇದರಲ್ಲಿ ಎಡೆಯಿತ್ತು. ಹೇಳುವುದಕ್ಕಿಂತ ಸೂಚಿಸುವುದು ಮೇಲೆಂಬ ಧ್ವನಿಕಾರನ ಮತಕ್ಕೆ ಭಾಲ್ಕಿಯ ಪೇಟೆಯಲ್ಲಿ ಇಂಥ ನಿದರ್ಶನ ದೊರೆತುದು ನಮಗೆ ಸಂತೋಷವನ್ನುಂಟುಮಾಡಿತು.

ಭಾಲ್ಕಿಯ ಹೆಸರಿನೊಡನೆ ಕನ್ನಡಿಗರಿಗೆ ನೆನಪಾಗುವವರು ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು. ನಿಜಾಮರ ಆಳ್ವಿಕೆಯ ಕಾಲದಲ್ಲಿ ಅವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದ ಸಂಗತಿ ಈ ಭಾಗದಲ್ಲಿ ಮನೆಮಾತಾಗಿದೆ. ಮುಂಗಟ್ಟಿನ ವಿಚಾರದಲ್ಲಿ ಆ ಫಲಕ ನಮಗೆ ಮತ್ತೆ ಮತ್ತೆ ನೆನಪಾಯಿತು. ಅಂದು ಹೊರಗಿನದು ಒಳಗಿನದನ್ನು ಕಾಪಾಡುವ ಕವಚವಾಗಿತ್ತು. ಒಳಗಿನ ಕನ್ನಡ ಬದುಕಲೆಂದು ಹೊರಗಿನ ಫಲಕ ಬೇರೊಂದು ಭಾಷೆಯನ್ನು ತೊಟ್ಟಿತು. ಇಂದಿನ ಸ್ಥಿತಿ ಹೇಗಿದೆ? ಅಂಗಡಿಯೊಳಗೆ ಕನ್ನಡ, ಮರಾಠಿ, ಉರ್ದು ಮೂರೂ ಸಲೀಸಾಗಿ ಓಡಾಡುತ್ತವೆ. ಒಬ್ಬನೇ ವರ್ತಕ ಮೂರು ಗಿರಾಕಿಗಳೊಡನೆ ಮೂರು ನುಡಿಗಳಲ್ಲಿ ಚೌಕಾಶಿ ಮಾಡುತ್ತಾನೆ. ಇದು ಬೀದರ ಜಿಲ್ಲೆಯ ಸಂಪತ್ತು. ಗಾಜಿನ ಮೇಲೆ ಅಂಟಿಸಿದ ಹಬ್ಬದ ಶುಭಾಶಯ ಮಾತ್ರ ಬಹುಪಾಲು ಇಂಗ್ಲಿಷಿನಲ್ಲಿ. 2024ರ ತಿದ್ದುಪಡಿ ಕಾನೂನು ನಾಮಫಲಕದ ಶೇಕಡ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದು ವಿಧಿಸಿತು. ಫಲಕಗಳಲ್ಲಿ ಅದರ ಪರಿಣಾಮ ಕಾಣುತ್ತದೆ. ಗಾಜಿನವರೆಗೆ ಅದು ಇಳಿದುಬಂದಿಲ್ಲ. ಕಾನೂನಿನಿಂದ ಇಳಿದುಬರಬೇಕಾದುದೂ ಅಲ್ಲ. ಅಂದಿನ ಫಲಕಕ್ಕೆ ಭಯ ಕಾರಣವಾಗಿತ್ತು, ಆ ಭಯದ ಹಿಂದೆ ಒಂದು ಸಂಕಲ್ಪವಿತ್ತು. ಇಂದಿನ ಗಾಜಿನ ಬರಹಕ್ಕೆ ಭಯವೂ ಇಲ್ಲ, ಸಂಕಲ್ಪವೂ ಇಲ್ಲ; ಸಿದ್ಧವಾಗಿ ದೊರೆಯುವ ಅಂಟುಕಾಗದ ಇಂಗ್ಲಿಷಿನಲ್ಲಿರುವುದೊಂದೇ ಕಾರಣ.

6

ಔರಾದ ಇನ್ನೂ ಉತ್ತರಕ್ಕೆ, ಮಹಾರಾಷ್ಟ್ರದ ಗಡಿಯ ಕಡೆಗೆ ಇರುವ ಊರು. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯವನ್ನು ಹಂಚಿದಾಗ ಹಳೆಯ ಬೀದರ ಜಿಲ್ಲೆಯ ಉದಗೀರ, ಅಹಮದಪುರ, ನಿಲಂಗಾ ಮೊದಲಾದ ಭಾಗಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದು, ನಾರಾಯಣಖೇಡ ಭಾಗಗಳು ಆಂಧ್ರಕ್ಕೂ ಹೋದವು. ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಗಡಿಯ ಗೆರೆ ಬದಲಾದರೂ ನಂಟಸ್ತಿಕೆ, ಸಂತೆ, ಹಬ್ಬ ಇವು ಗೆರೆಯನ್ನು ದಾಟಿಯೇ ನಡೆದುಬಂದಿವೆ. ಔರಾದದ ದೀಪಾವಳಿಯ ಪೇಟೆಯಲ್ಲಿ ಕನ್ನಡದ ಹಬ್ಬವೂ ಮರಾಠಿಯ ಹಬ್ಬವೂ ಒಂದೇ ಚೀಲದಲ್ಲಿ ಮನೆಗೆ ಹೋಗುತ್ತವೆ.

ಇಲ್ಲಿ ಗಾಜಿನ ಮುಂಗಟ್ಟುಗಳು ವಿರಳ. ಬಟ್ಟೆಯನ್ನು ಹಗ್ಗಕ್ಕೆ ತೂಗುಬಿಡುತ್ತಾರೆ, ಪಾತ್ರೆಯನ್ನು ಹೊಸ್ತಿಲ ಮುಂದೆ ಗೋಪುರದಂತೆ ಪೇರಿಸುತ್ತಾರೆ, ಹಣತೆಯನ್ನು ಗೋಣಿಚೀಲದ ಮೇಲೆ ಹರಡುತ್ತಾರೆ. ಗಿರಾಕಿ ಮುಟ್ಟುತ್ತಾನೆ, ಬಡಿದು ನೋಡುತ್ತಾನೆ, ಸೆರಗನ್ನು ಬೆರಳ ನಡುವೆ ಉಜ್ಜುತ್ತಾಳೆ. ಆದರೂ ಈಚೆಗೆ ಗಾಜು ಹಾಕಿಸಿದ ಒಂದು ಬಟ್ಟೆಯಂಗಡಿಯ ಮುಂದೆ ನಾವು ಕಂಡ ಒಂದು ಪ್ರಸಂಗವನ್ನು ಹೇಳದೆ ಬಿಡಲಾಗದು. ಹಳ್ಳಿಯಿಂದ ಬಂದ ವಯಸ್ಸಾದ ಹೆಂಗಸೊಬ್ಬಳು ಗಾಜಿನ ಈಚೆಯಿಂದಲೇ ಒಂದು ಇಳಕಲ್ ಸೀರೆಯನ್ನು ಬಹಳ ಹೊತ್ತು ನೋಡುತ್ತಿದ್ದಳು. ಅಂಗಡಿಯ ಯಜಮಾನ ಹೊರಗೆ ಬಂದು, "ಯವ್ವಾ, ಒಳಗ ಬರ್ರಿ. ನೋಡ್ಲಿಕ್ಕ ರೊಕ್ಕ ಬೀಳಂಗಿಲ್ಲ" ಎಂದ. ಅವಳು ಸಂಕೋಚದಿಂದ, "ಸೋಯಾ ಮಾರಿದ ಮ್ಯಾಲ ಬರ್ತೀನಪ್ಪಾ" ಎಂದು ಹಿಂದಕ್ಕೆ ಸರಿದಳು. ಆದರೂ ಅವನು ಬಿಡದೆ ಕರೆದು, ಸೀರೆಯನ್ನು ತೆಗೆಸಿ, ಅವಳ ಮಡಿಲಲ್ಲಿ ಹರಡಿ ತೋರಿಸಿದ. ಅವಳು ಅಂದು ಕೊಳ್ಳಲಿಲ್ಲ.

ಈ ಪುಟ್ಟ ಪ್ರಸಂಗದಲ್ಲಿ ನಮ್ಮ ಮೂರನೆಯ ಪ್ರಶ್ನೆಗೆ ಉತ್ತರವಿದೆ. ಔರಾದ, ಭಾಲ್ಕಿ ಸೀಮೆಯ ಕರಿಭೂಮಿಯಲ್ಲಿ ಸೋಯಾ ಕೊಯ್ಲು ದೀಪಾವಳಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ತೊಗರಿ ಮನೆಗೆ ಬರುವುದು ಇನ್ನೂ ತಡವಾಗಿ. ಮಾರುಕಟ್ಟೆಯ ಧಾರಣೆಯೂ ಮಳೆಯೂ ಒಲಿದ ವರ್ಷ ಹಬ್ಬದ ಪೇಟೆ ತುಂಬುತ್ತದೆ, ಇಲ್ಲದಿದ್ದರೆ ಬಣಗುಟ್ಟುತ್ತದೆ. ಗಾಜಿನ ಮುಂಗಟ್ಟಿಗೆ ಈ ಲೆಕ್ಕ ತಿಳಿಯದು. ಅದು ಎಲ್ಲ ವರ್ಷವೂ ಒಂದೇ ಹೊಳಪಿನಿಂದ ಕರೆಯುತ್ತದೆ, ಒಂದೇ ನಿಷ್ಠುರತೆಯಿಂದ ತಡೆಯುತ್ತದೆ. ಯಜಮಾನನ ಆ ಒಂದು ಮಾತು ಗಾಜನ್ನು ಒಂದು ಗಳಿಗೆ ಇಲ್ಲದಂತೆ ಮಾಡಿತು. ಲಕ್ಷ್ಮೀಪೂಜೆಯ ಸಂಜೆ ಕೊಳ್ಳದವನಿಗೂ ಪ್ರಸಾದ ಕೊಡುವ ಹಳೆಯ ಧರ್ಮವೇ ಅವನ ಬಾಯಿಯಿಂದ ಮಾತಾಗಿ ಬಂದುದೆಂದು ನಮಗೆ ತೋರುತ್ತದೆ. ನೋಡುವುದಕ್ಕೂ ಯೋಗ್ಯತೆ ಬೇಕೆಂದು ಸೂಚಿಸುವ ಮುಂಗಟ್ಟು ಎಷ್ಟೇ ಸುಂದರವಾಗಿದ್ದರೂ ಹಬ್ಬಕ್ಕೆ ಉಚಿತವಲ್ಲ. ಏಕೆಂದರೆ ಹಬ್ಬ ಎಂಬುದರ ಅರ್ಥವೇ ಹೊಸ್ತಿಲು ಕೆಳಗಾಗುವುದು.

ಈ ಸೀಮೆಯ ಒಕ್ಕಲುಮಕ್ಕಳ ದೊಡ್ಡ ಹಬ್ಬವಾದ ಎಳ್ಳಮಾವಾಸ್ಯೆಗೆ ಪೇಟೆಯಲ್ಲಿ ಇಂಥ ಮುಂಗಟ್ಟುಗಳು ಏಳುವುದಿಲ್ಲವೆಂಬುದನ್ನು ಇಲ್ಲಿಯೇ ಗಮನಿಸಬಹುದು. ಅಂದು ಜನ ಭಜ್ಜಿ, ರೊಟ್ಟಿ, ಅಂಬಲಿಗಳನ್ನು ಹೊತ್ತು ಹೊಲಕ್ಕೆ ಹೋಗುತ್ತಾರೆ, ಭೂಮಿಗೆ ಎಡೆಯಿಡುತ್ತಾರೆ, ಪರಿಚಯವಿಲ್ಲದವರನ್ನೂ ಕರೆದು ಉಣಿಸುತ್ತಾರೆ. ಆ ಹಬ್ಬದ ಪ್ರದರ್ಶನವೆಂದರೆ ನಿಂತ ಬೆಳೆಯೇ. ಮಾರಲು ಏನೂ ಇಲ್ಲದ ಹಬ್ಬವನ್ನು ಗಾಜು ಗುರುತಿಸುವುದಿಲ್ಲ.

7

ಇಷ್ಟು ಹೇಳಿದ ಮೇಲೆ ನಮ್ಮ ಅಭಿಪ್ರಾಯವನ್ನು ಸಂಗ್ರಹಿಸಬಹುದು. ಗಾಜಿನ ಮುಂಗಟ್ಟನ್ನು ತ್ಯಜಿಸಬೇಕೆಂದು ನಾವು ಹೇಳುವುದಿಲ್ಲ. ಧೂಳಿನಿಂದಲೂ ಕಳವಿನಿಂದಲೂ ಅದು ಸರಕನ್ನು ಕಾಪಾಡುತ್ತದೆ. ಸಂಜೆಯ ಬೀದಿಗೆ ಕಳೆಯನ್ನೂ ತರುತ್ತದೆ. ಆದರೆ ಪಶ್ಚಿಮದ ನಗರಗಳಲ್ಲಿ ಬೇರೆ ಸರಕಿಗಾಗಿ, ಬೇರೆ ಜನಕ್ಕಾಗಿ ಬೆಳೆದ ಪದ್ಧತಿಯನ್ನು ಬೀದರದ ಕಪ್ಪು ಲೋಹಕ್ಕೆ ಹಾಗೆಯೇ ತೊಡಿಸಿದಾಗ, ಲೋಹದ ಗುಣವೇ ಮರೆಯಾಗುತ್ತದೆ. ಬಿದರಿಗೆ ಓರೆಯಿಂದ ಬೀಳುವ ಮೆಲುಬೆಳಕು ಸಾಕು. ಬಿಳಿಯ ಬಟ್ಟೆಗಿಂತ ಈ ಊರಿನ ಕೆಂಪು ಜಂಬಿಟ್ಟಿಗೆಯ ಬಣ್ಣದ ಹಿನ್ನೆಲೆ ಅದಕ್ಕೆ ಹೆಚ್ಚು ಒಪ್ಪುತ್ತದೆ. ಹತ್ತು ಸ್ಮರಣಿಕೆಗಳ ನಡುವೆ ದೊಡ್ಡ ಕೆಲಸವೊಂದು, ಮಾರಾಟವಾಗದಿದ್ದರೂ, ಕಸುಬಿನ ಎತ್ತರವನ್ನು ತೋರಿಸಲು ಇರಬೇಕು. ಅದರ ಪಕ್ಕದಲ್ಲಿ, ಊರಿನ ನುಡಿಗಳಲ್ಲಿ, ಮಾಡಿದವನ ಹೆಸರಿರಬೇಕು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ.

ವರ್ತಕರಿಗೆ ಉಪದೇಶ ಮಾಡಿ ನಾವು ನಿರ್ದೋಷಿಗಳಾಗಿ ಉಳಿಯುವಂತಿಲ್ಲ. ಬಿದರಿಯ ಸ್ಮರಣಿಕೆಗಳನ್ನು ಮೇಲಿಂದ ಮೇಲೆ ಕೊಳ್ಳುವ ಗಿರಾಕಿಗಳಲ್ಲಿ ವಿಶ್ವವಿದ್ಯಾನಿಲಯಗಳೂ ಸೇರಿವೆ. ವಿಚಾರಸಂಕಿರಣ ಮುಗಿದೊಡನೆ ಅತಿಥಿಗಳ ಕೈಗೆ ಒಂದೊಂದು ಫಲಕವನ್ನಿಡುವುದು ನಮ್ಮ ಪದ್ಧತಿ. ಫಲಕದ ಮೇಲೆ ಸಂಸ್ಥೆಯ ಹೆಸರು, ಸಮಾರಂಭದ ಹೆಸರು, ದಿನಾಂಕ ಇರುತ್ತವೆ. ನಮ್ಮ ವಿಭಾಗದ ಕಪಾಟಿನಲ್ಲಿಯೂ ಅಂಥ ಕೆಲವು ಇವೆ. ಈ ಲೇಖನವನ್ನು ಬರೆಯುವ ಮುನ್ನ ಅವನ್ನು ತೆಗೆದು ಒರೆಸಿ ನೋಡಿದೆವು. ಎಣ್ಣೆ ಕಾಣದೆ ಕಪ್ಪು ಮಂಕಾಗಿತ್ತು. ಯಾವುದರ ಬೆನ್ನಿನ ಮೇಲೂ ಮಾಡಿದವನ ಹೆಸರಿರಲಿಲ್ಲ. ಕೊಳ್ಳುವಾಗ ಕೇಳಿದ ನೆನಪೂ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಮುಂದಿನ ಸಲ ಕೊಳ್ಳುವಾಗ ಆ ಹೆಸರನ್ನು ಕೇಳಿ ಬರೆಯಿಸಬೇಕೆಂದು ನಿಶ್ಚಯಿಸಿದ್ದೇವೆ. ಅಂಗಡಿಯ ಗಾಜಿನ ಹಿಂದಿನದನ್ನು ತಿದ್ದಹೊರಟವರು ತಮ್ಮ ಕಪಾಟಿನ ಗಾಜಿನಿಂದ ಆರಂಭಿಸುವುದು ಉಚಿತ.